‘ಗೆ’ ಒಂದು, ಪ್ರಿಪೊಸಿಷನ್ ಮೂರು: ಗಡಿನಾಡಿನ ವಿದ್ಯಾರ್ಥಿ ಮತ್ತು ಇಂಗ್ಲಿಷ್ ಗುಣವಾಚಕಗಳು



ಚಿಲಮತ್ತೂರು, ಹಿಂದೂಪುರದ ಕಡೆ ಕನ್ನಡ, ತೆಲುಗು ಎರಡನ್ನೂ ಆಡಿಕೊಂಡು ಬೆಳೆದವರು ಇಂಗ್ಲಿಷ್ ಬರೆಯುವಾಗ ಗುಣವಾಚಕದ ಮುಂದಿನ ಪ್ರಿಪೊಸಿಷನ್ ಹತ್ತಿರ ಎಡವುತ್ತಾರೆ. ಇದನ್ನು ಅಜಾಗರೂಕತೆ ಅಂತ ತಳ್ಳಿಹಾಕೋದು ಸರಿಯಲ್ಲ. ಈ ತಪ್ಪಿಗೂ ಒಂದು ಕ್ರಮ ಇದೆ ಅನ್ನೋದೇ ನನ್ನ ವಾದ.

ಮೂರು ವಾಕ್ಯ ನೋಡಿ. ‘ಹುಡುಗ ನಾಯಿಗೆ ಹೆದರುತ್ತಾನೆ.’ ‘ಲೇಪಾಕ್ಷಿ ಏಕಶಿಲಾ ನಂದಿಗೆ ಹೆಸರುವಾಸಿ.’ ‘ನಮ್ಮೂರು ಲೇಪಾಕ್ಷಿಗೆ ಹತ್ತಿರ.’ ಮೂರರಲ್ಲೂ ಇರುವುದು ಚತುರ್ಥಿಯ ‘ಗೆ’. ಇಂಗ್ಲಿಷಿನಲ್ಲಿ ಮಾತ್ರ ಕ್ರಮವಾಗಿ ‘ಆಫ್ರೇಡ್ ಆಫ್’, ‘ಫೇಮಸ್ ಫಾರ್’, ‘ಕ್ಲೋಸ್ ಟು’. ‘ಗೆ’ ಅಂದರೆ ‘ಟು’ ಅಂತ ಕಲಿತವರು ‘ಆಫ್ರೇಡ್ ಟು ಡಾಗ್ಸ್’ ಅಂತ ಬರೆದರೆ ಆಶ್ಚರ್ಯವೇನಿಲ್ಲ. ತೆಲುಗಾದರೂ ತಿದ್ದುತ್ತದೆಯೇ? ಇಲ್ಲ, ಅಲ್ಲೂ ಮೂರು ಕಡೆ ‘ಕಿ’ ಬರುತ್ತದೆ. ಎರಡು ಮನೆಮಾತುಗಳೂ ಒಂದೇ ಸಾಕ್ಷಿ ಹೇಳಿದಾಗ ತಪ್ಪು ಗಟ್ಟಿಯಾಗಿ ಕೂರುತ್ತದೆ.

ಉಳಿದ ಪ್ರತ್ಯಯಗಳ ಕಥೆಯೂ ಇದೇ. ‘ನನ್ನ ಮೇಲೆ ಕೋಪ’, ‘ನಾ ಮೀದ ಕೋಪಂ’. ಇದರಿಂದ ‘ಆ್ಯಂಗ್ರಿ ಆನ್ ಮಿ’ ಹುಟ್ಟುತ್ತದೆ. ಸರಿಯಾದದ್ದು ‘ಆ್ಯಂಗ್ರಿ ವಿತ್’. ‘ಲೆಕ್ಕದಲ್ಲಿ ಜಾಣೆ’ ಎಂಬುದಕ್ಕೆ ‘ಗುಡ್ ಆ್ಯಟ್’ ಬೇಕು, ‘ಗುಡ್ ಇನ್’ ಬರುತ್ತದೆ. ‘ಅವನ ಜೊತೆ ಮದುವೆ’ ಎಂಬುದು ‘ಮ್ಯಾರಿಡ್ ವಿತ್’ ಆಗುತ್ತದೆ. ಆಗಬೇಕಾದ್ದು ‘ಮ್ಯಾರಿಡ್ ಟು’. ಕೆಲವು ಕಡೆ ಅದೃಷ್ಟವೂ ಉಂಟು: ‘ಸಂಗೀತದಲ್ಲಿ ಆಸಕ್ತಿ’ ನೇರವಾಗಿ ‘ಇಂಟರೆಸ್ಟೆಡ್ ಇನ್’.

ಹಾಗಾದರೆ ಇಂಗ್ಲಿಷಿನದು ತರ್ಕ, ನಮ್ಮದು ತಪ್ಪು ಅಂತಲೇ? ಹಾಗೇನಿಲ್ಲ. ಭಯದ ಕಾರಣಕ್ಕೆ ಪಾಣಿನಿ ಹೇಳುವುದು ಪಂಚಮಿ. ಕನ್ನಡದಲ್ಲಿ ‘ಹುಲಿಗೆ ಹೆದರಿದ’ ಎಂದು ಚತುರ್ಥಿ ಬರುತ್ತದೆ. ಇಂಥದನ್ನು ನಮ್ಮ ವ್ಯಾಕರಣ ‘ವಿಭಕ್ತಿ ಪಲ್ಲಟ’ ಅನ್ನುತ್ತದೆ. ಇಂಗ್ಲಿಷಿನ ‘ಆಫ್’ ಕೂಡ ಹಳೆಗಾಲದಲ್ಲಿ ‘ಇಂದ’ ಎಂಬ ಅರ್ಥದ ಪದವೇ. ಒಂದೇ ಭಯ, ಭಾಷೆಗೊಂದು ದಾರಿ.

ಕಲಿಸುವಾಗ ಏನು ಮಾಡಬಹುದು? ಪ್ರಿಪೊಸಿಷನ್‌ಗಳ ಪಟ್ಟಿ ಬೇರೆ, ಗುಣವಾಚಕಗಳ ಪಟ್ಟಿ ಬೇರೆ ಮಾಡದೆ ಜೋಡಿಯಾಗಿಯೇ ಕಲಿಸಬೇಕು. ಅರ್ಥ ಬದಲಾದರೆ ಜೋಡಿಯೂ ಬದಲಾಗುತ್ತದೆ ಅಂತ ತೋರಿಸಬೇಕು: ಸಾಮರ್ಥ್ಯಕ್ಕೆ ‘ಗುಡ್ ಆ್ಯಟ್’, ಪ್ರಯೋಜನಕ್ಕೆ ‘ಗುಡ್ ಫಾರ್’, ನಡವಳಿಕೆಗೆ ‘ಗುಡ್ ಟು’. ಪಕ್ಕದಲ್ಲೇ ಕನ್ನಡ, ತೆಲುಗು ವಾಕ್ಯ ಬರೆಸಿದರೆ ಎಲ್ಲಿ ಜಾರುತ್ತೇವೆ ಅನ್ನೋದು ಕಣ್ಣಿಗೇ ಕಾಣುತ್ತದೆ.

ಕಾರಣ ಹೇಳದೆ ಕೆಂಪು ಗೆರೆ ಎಳೆದರೆ ವಿದ್ಯಾರ್ಥಿಗೆ ಉಳಿಯುವುದು ‘ನನಗೆ ಇಂಗ್ಲಿಷ್ ಬರಲ್ಲ’ ಎಂಬ ಅಂಜಿಕೆ ಮಾತ್ರ. ಕಾರಣ ತಿಳಿದರೆ ಅದೇ ತಪ್ಪು ಪಾಠವಾಗುತ್ತದೆ. ಇಷ್ಟು ಹೇಳಿ ಚರ್ಚೆಗೆ ಬಿಡ್ತೀನಿ.