ದೇಶದಲ್ಲಿ ಸಿಮ್ ಸಂಖ್ಯೆ ಯಾಕೆ ಏರ್ತಿಲ್ಲ? ಎರಡನೇ ನಂಬರ್ ಬಿಡೋ ಮುಂಚೆ ಇದನ್ನ ಓದಿ

ಒಬ್ಬರ ಹತ್ರ ಎರಡೆರಡು ಸಿಮ್ ಇರೋದು ಹತ್ತು ವರ್ಷದ ಹಿಂದೆ ಮಾಮೂಲಿ. ಒಂದು ಮಾತಾಡೋಕೆ, ಇನ್ನೊಂದು ಆಫರ್‌ಗೆ. ಈಗ ಆ ಎರಡನೇ ಸಿಮ್‌ಗೆ ದುಡ್ಡು ಹಾಕಿಸೋರು ಕಮ್ಮಿ ಅನ್ನೋದು ರೀಚಾರ್ಜ್ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಇಡೀ ದೇಶದ ಲೆಕ್ಕದಲ್ಲೂ ಇದು ಕಾಣ್ತಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, ಕೊಡೋ ಅಂಕಿ ಪ್ರಕಾರ 2018ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 118 ಕೋಟಿ ಮೊಬೈಲ್ ಸಂಪರ್ಕ ಇದ್ದವು. 2024ರ ಮಾರ್ಚ್‌ನಲ್ಲಿ ಇದ್ದದ್ದು 116 ಕೋಟಿ ಚಿಲ್ಲರೆ. ಈ ಆರು ವರ್ಷದಲ್ಲಿ ಜನಸಂಖ್ಯೆ ಏರಿದೆ, ಸಿಮ್ ಸಂಖ್ಯೆ ನಿಂತಲ್ಲೇ ನಿಂತಿದೆ.

ಹಿಂದೆ ಹೀಗಿರಲಿಲ್ಲ. ದೇಶದ ಮೊದಲ ಮೊಬೈಲ್ ಕರೆ ಹೋಗಿದ್ದು 1995ರ ಜುಲೈ 31ರಂದು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರಿಂದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ. ಆಗ ಒಂದು ನಿಮಿಷ ಮಾತಾಡಿದ್ರೆ 16 ರೂಪಾಯಿವರೆಗೆ ಬೀಳ್ತಿತ್ತು. ಬಂದ ಕರೆ ಎತ್ತಿದ್ರೂ ದುಡ್ಡು! ಹಂಗಾಗಿ ಸಾಮಾನ್ಯ ಜನ ಎಸ್‌ಟಿಡಿ ಬೂತ್‌ನಲ್ಲೇ ಉಳಿದ್ರು. 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯ್ತು. ಮಿಸ್ಡ್ ಕಾಲ್ ಕೊಡೋ ಅಭ್ಯಾಸ ಊರೂರಿಗೆ ಹಬ್ಬಿದ್ದು ಆಮೇಲೆ. ಮರುವರ್ಷವೇ ಮೊಬೈಲ್ ಸಂಖ್ಯೆ ಲ್ಯಾಂಡ್‌ಲೈನ್ ಸಂಖ್ಯೆಯನ್ನ ಹಿಂದೆ ಹಾಕಿತು.

ನಿಜವಾದ ಭರಾಟೆ ಶುರುವಾಗಿದ್ದು 2009ರ ಹೊತ್ತಿಗೆ. ಸೆಕೆಂಡಿಗೆ ಒಂದು ಪೈಸೆ ಪ್ಲಾನ್ ಬಂತು, ಹೊಸ ಹೊಸ ಕಂಪನಿಗಳು ಬಂದವು, ಎರಡು ಸಿಮ್ ಹಾಕೋ ಅಗ್ಗದ ಸೆಟ್‌ಗಳು ಬಂದವು. ಕೊಡೆ ಕಟ್ಟಿಕೊಂಡು ಬಸ್ ಸ್ಟ್ಯಾಂಡ್ ಎದುರು ಸಿಮ್ ಮಾರ್ತಿದ್ದ ಕಾಲ ಅದು. 2010ರ ಮಾರ್ಚ್‌ನಲ್ಲಿ 58 ಕೋಟಿ ಇದ್ದ ಸಂಪರ್ಕ ಒಂದೇ ವರ್ಷದಲ್ಲಿ 81 ಕೋಟಿ ಆಯ್ತು. ಆದ್ರೆ ಆ 81 ಕೋಟಿಯಲ್ಲಿ ನಿಜವಾಗಿ ಚಾಲ್ತಿಯಲ್ಲಿ ಇದ್ದದ್ದು ಸುಮಾರು 57 ಕೋಟಿ ಮಾತ್ರ. ಉಳಿದವು ಡ್ರಾಯರ್‌ನಲ್ಲೋ ಪರ್ಸಿನಲ್ಲೋ ಬಿದ್ದಿದ್ದ ಸಿಮ್‌ಗಳು. 2012ರಲ್ಲಿ ಕಂಪನಿಗಳು ಇಂಥ ನಂಬರ್‌ಗಳನ್ನ ತೆಗೆದು ಹಾಕಿದಾಗ ಲೆಕ್ಕ ಮೊದಲ ಸಲ ಕೆಳಗಿಳೀತು. ಮತ್ತೆ ಏರಿ 2015ರ ಕೊನೆ ಹೊತ್ತಿಗೆ 100 ಕೋಟಿ ದಾಟಿತು.

ಮುಂದಿನ ವರ್ಷ ಜಿಯೋ ಬಂದು ಡೇಟಾ ಅಗ್ಗ ಆಯ್ತು, ಹಲವು ಕಂಪನಿಗಳು ಮುಚ್ಚಿದವು ಇಲ್ಲ ಬೇರೆಯವರ ಜೊತೆ ಸೇರಿದವು. ಇದೆಲ್ಲರಿಗೂ ನೆನಪಿದೆ. ಹೆಚ್ಚು ಜನ ಗಮನಿಸದ ಬದಲಾವಣೆ ಆಗಿದ್ದು 2018ರ ಕೊನೆಗೆ. ಅಲ್ಲಿವರೆಗೆ 10 ರೂಪಾಯಿ ಟಾಪ್‌ಅಪ್ ಹಾಕಿಸಿ ತಿಂಗಳುಗಟ್ಟಲೆ ಇನ್‌ಕಮಿಂಗ್‌ಗೆ ಸಿಮ್ ಇಟ್ಕೋಬಹುದಿತ್ತು. ಆಗ ಹಳೇ ಖಾಸಗಿ ಕಂಪನಿಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸಲೇಬೇಕು ಅಂದವು. 2019ರ ಮೊದಲ ಮೂರೇ ತಿಂಗಳಲ್ಲಿ ದೇಶದ ಲೆಕ್ಕದಿಂದ ಒಂದು ಕೋಟಿಗೂ ಹೆಚ್ಚು ಸಂಪರ್ಕ ಕಮ್ಮಿ ಆದವು. ಆ 35 ಮುಂದೆ 49, 79, 99, 155 ಆಗಿ, 2024ರ ಜುಲೈ ದರ ಏರಿಕೆ ನಂತರ 200ರ ಆಸುಪಾಸಿಗೆ ಬಂತು.

28 ದಿನ ಅಂದ್ರೆ ತಿಂಗಳಲ್ಲ, ವರ್ಷಕ್ಕೆ 13 ರೀಚಾರ್ಜ್. 200ರಂತೆ ಒಂದು ಸಿಮ್‌ಗೆ ವರ್ಷಕ್ಕೆ 2,600 ರೂಪಾಯಿ. ಕೂಲಿ ಮಾಡೋ ಮನೆಯಲ್ಲಿ ಗಂಡ, ಹೆಂಡ್ತಿ, ಅತ್ತೆ ಮೂವರಿಗೂ ಬೇರೆ ಬೇರೆ ನಂಬರ್ ಇದ್ರೆ 7,800. ಮೊದಲು ನಿಲ್ಲೋದು ಸಾಮಾನ್ಯವಾಗಿ ಅತ್ತೆಯದ್ದೇ.

ಹಾಗಂತ ಎಲ್ಲರ ಕೈಗೂ ಫೋನ್ ಬಂದಾಗಿದೆ ಅಂತ ತಿಳಿಯೋ ಹಾಗಿಲ್ಲ. 100 ಜನಕ್ಕೆ ಎಷ್ಟು ಸಂಪರ್ಕ ಅಂತ ನೋಡಿದ್ರೆ 2024ರಲ್ಲಿ ನಗರದಲ್ಲಿ 130ಕ್ಕೂ ಹೆಚ್ಚು, ಹಳ್ಳಿಯಲ್ಲಿ 60ಕ್ಕೂ ಕಮ್ಮಿ. ಲ್ಯಾಂಡ್‌ಲೈನ್ ಸೇರಿಸಿದ ಲೆಕ್ಕ ಇದು, ಆದ್ರೆ ಅದರ ಪಾಲು ತೀರಾ ಚಿಕ್ಕದು. ನಗರದಲ್ಲಿ ಒಬ್ಬರಿಗೆ ಎರಡಿದ್ರೆ, ಹಳ್ಳಿಯಲ್ಲಿ ಮನೆಗೊಂದು ಎರಡು ಫೋನ್‌ನಲ್ಲೇ ಎಲ್ಲರ ಕೆಲಸ ನಡೀತಿದೆ.

ತೊಂದರೆ ಶುರುವಾಗೋದು ನಂಬರ್ ಬಿಟ್ಟ ಮೇಲೆ. ಅವಧಿ ಮುಗಿದ್ರೆ ಮೊದಲು ಔಟ್‌ಗೋಯಿಂಗ್, ಸ್ವಲ್ಪ ದಿನಕ್ಕೆ ಇನ್‌ಕಮಿಂಗ್ ನಿಲ್ಲುತ್ತೆ. 90 ದಿನ ಬಳಕೆ ಇಲ್ಲದಿದ್ರೆ ನಂಬರನ್ನೇ ರದ್ದು ಮಾಡಬಹುದು. ಆಮೇಲೆ ಇನ್ನೂ 90 ದಿನ ಅದನ್ನ ಯಾರಿಗೂ ಕೊಡಲ್ಲ ಅಂತ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟ್‌ಗೆ ತಿಳಿಸಿದೆ. ಅದಾದ ನಂತರ ಅದು ಬೇರೆ ಯಾರ ಕೈಗಾದ್ರೂ ಹೋಗಬಹುದು. ಬ್ಯಾಂಕ್ ಖಾತೆಗೆ ಹಳೇ ನಂಬರೇ ಜೋಡಣೆ ಆಗಿದ್ರೆ ಓಟಿಪಿ ಅವರಿಗೆ ಹೋಗುತ್ತೆ. ಪಿಂಚಣಿ ಜಮಾ ಆದ ಮೆಸೇಜೂ ಅಷ್ಟೇ.

ಪ್ರೀಪೇಯ್ಡ್‌ನವರಿಗೆ ಒಂದು ರಕ್ಷಣೆ ಇದೆ. ಮೈನ್ ಬ್ಯಾಲೆನ್ಸ್‌ನಲ್ಲಿ ಕನಿಷ್ಠ 20 ರೂಪಾಯಿ ಇದ್ರೆ ಬಳಕೆ ಇಲ್ಲ ಅನ್ನೋ ಕಾರಣಕ್ಕೆ ನಂಬರ್ ರದ್ದು ಮಾಡೋ ಹಾಗಿಲ್ಲ, ಅದರಲ್ಲಿ ಕಡಿತ ಮಾಡ್ಕೊಂಡು ಮುಂದುವರಿಸಬೇಕು ಅನ್ನೋದು 2013ರಿಂದ ಇರೋ ನಿಯಮ. ಇದರಿಂದ ನಂಬರ್ ಉಳಿಯುತ್ತೆ, ಕರೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಡೇಟಾ ಬೇಡದ ವಯಸ್ಸಾದವರಿಗೆ ಬರೀ ಕರೆ ಮತ್ತು ಎಸ್‌ಎಂಎಸ್ ಇರೋ ಪ್ಲಾನ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದೆ. ಅಂಗಡಿಯಲ್ಲಿ ತಾನಾಗೇ ಹೇಳದಿದ್ರೆ ಕೇಳಿ ಹಾಕಿಸಬೇಕು.

ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ನೋಡಬಹುದು, ನಿಮ್ಮದಲ್ಲದ್ದು ಇದ್ರೆ ಅಲ್ಲೇ ದೂರು ಕೊಡಬಹುದು. ಎರಡನೇ ಸಿಮ್ ಬಿಡೋದಾದ್ರೆ ಅದು ಇನ್ನೂ ಚಾಲ್ತಿಯಲ್ಲಿ ಇರುವಾಗಲೇ ಬ್ಯಾಂಕ್, ಆಧಾರ್, ಗ್ಯಾಸ್ ಏಜೆನ್ಸಿ ಮೂರೂ ಕಡೆ ಹೊಸ ನಂಬರ್ ಕೊಡಿ. ಅಂಗಡಿಯವರು ಗೂಗಲ್ ಪೇ, ಫೋನ್ ಪೇ ಯಾವ ನಂಬರ್‌ಗೆ ಇದೆ ಅನ್ನೋದನ್ನೂ ಒಮ್ಮೆ ನೋಡ್ಕೊಳ್ಳೋದು ಒಳ್ಳೇದು.