ತುಳಸಿಯಿಂದ ಬಂದ ಬಿಳಿಯ ಪುಡಿ

ಮೆಲ್ಬರ್ನ್‌ನ ಪಶ್ಚಿಮದಂಚಿನ ಟಾರ್ನೀಟ್‌ನಲ್ಲಿ ನಮ್ಮ ವಾಸ. ಕಳೆದ ತಿಂಗಳು ಒಂದು ರಾತ್ರಿ ತುಮಕೂರಿನಿಂದ ಅಕ್ಕ ವಿಡಿಯೊ ಕರೆ ಮಾಡಿ, ಪುಟ್ಟ ಸೀಸೆಯೊಂದನ್ನು ಮುಂದೆ ಹಿಡಿದಳು. ಎಂ.ಎಸ್‌ಸಿ. ಓದುತ್ತಿರುವ ಅವಳ ಮಗಳು ತುಳಸಿ ಎಲೆಯ ಕಷಾಯ ಬಳಸಿ ತಯಾರಿಸಿದ ಸತುವಿನ ಆಕ್ಸೈಡ್‌ನ ನ್ಯಾನೊ ಕಣಗಳು. "ಬ್ಯಾಕ್ಟೀರಿಯಾ ಕೊಲ್ಲುತ್ತದಂತೆ. ನಿನ್ನ ಭಾವನವರ ಕಾಲಿನ ಹುಣ್ಣಿಗೆ ಹಚ್ಚಬಹುದೇನೋ? ತುಳಸಿಯದ್ದೇ ತಾನೆ" ಎಂದಳು. ಭಾವನವರದು ಹಳೆಯ ಮಧುಮೇಹ. ನಾನು ತುಸು ಗಡುಸಾಗಿಯೇ "ಬೇಡಕ್ಕ" ಎಂದೆ. ಹಿಂದೆ ಕುಳಿತಿದ್ದ ಹುಡುಗಿಯ ಮುಖ ಬಾಡಿತು. ಇದೇ ವಿಷಯದಲ್ಲಿ ಆಸ್ಟ್ರೇಲಿಯಾದಲ್ಲಿ ಪಿಎಚ್‌.ಡಿ. ಮಾಡಬೇಕೆಂಬುದು ಅವಳ ಆಸೆ.

ಅವಳ ಕೆಲಸ ಹಗುರವಾದದ್ದೇನಲ್ಲ. ಎಲೆಯನ್ನು ನೀರಿನಲ್ಲಿ ಕುದಿಸಿ ಸೋಸಿ, ಸತುವಿನ ನೈಟ್ರೇಟ್ ಬೆರೆಸಿ, ಗಟ್ಟಿಯಾದ ಪಾಕವನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿಟ್ಟರೆ ಬಿಳಿಯ ಪುಡಿ ಉಳಿಯುತ್ತದೆ. ಎಲೆಯ ಪಾಲಿಫಿನಾಲ್‌ಗಳು ಸತುವಿಗೆ ಅಂಟಿಕೊಂಡು ಕಣಗಳು ದೊಡ್ಡದಾಗದಂತೆ ತಡೆಯುತ್ತವೆ, ಕುಲುಮೆಯಲ್ಲಿ ತಾವೇ ಇಂಧನವಾಗಿ ಉರಿಯುತ್ತವೆ. ಇಂಧನದೊಡನೆ ನೈಟ್ರೇಟನ್ನು ಉರಿಸಿ ಆಕ್ಸೈಡ್ ಪಡೆಯುವ ದಾರಿಯನ್ನು 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲ ಮತ್ತು ಕಿಂಗ್ಸ್ಲೆ ಪ್ರಕಟಿಸಿದ್ದರು. ಅವರ ಇಂಧನ ಯೂರಿಯಾ. ಅದರ ಬದಲು ಎಲೆ ಬಂದಿರುವುದು ಸಂತೋಷವೇ. ಆದರೆ ನೈಟ್ರೇಟ್ ಕಾದಾಗ ಏಳುವ ಕಂದು ಹೊಗೆಯೇನೂ ಹಸಿರಲ್ಲ. ಎಲೆಯ ಗುಣವೂ ಋತು, ಮಣ್ಣುಗಳೊಡನೆ ಬದಲಾಗುತ್ತದೆ. ಆಷಾಢದ ತುಳಸಿ ಕೊಟ್ಟ ಕಣ ಮಾಘದಲ್ಲಿ ಸಿಗದಿರಬಹುದು.

ಅಕ್ಕನಿಗೆ ಮನದಟ್ಟು ಮಾಡಬೇಕಾಗಿದ್ದುದು ಬೇರೆಯೇ. ಅಷ್ಟು ಕಾವಿನಲ್ಲಿ ತುಳಸಿಯ ಸತ್ವವೆಲ್ಲ ಸುಟ್ಟುಹೋಗಿರುತ್ತದೆ. ಉಳಿದದ್ದು ಸತುವಿನ ಆಕ್ಸೈಡ್, ಅಷ್ಟೇ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಂದ ಸತು, ಪ್ರಮಾಣ ಮೀರಿದರೆ ಹುಣ್ಣನ್ನು ಮುಚ್ಚಲು ಬರುವ ನಮ್ಮ ಜೀವಕೋಶಗಳನ್ನೂ ಕೊಲ್ಲಬಲ್ಲದು. ಸ್ಪರ್ಶ ಕಳೆದುಕೊಂಡ ಮಧುಮೇಹಿಯ ಪಾದದಲ್ಲಿ ನೋವೂ ಎಚ್ಚರಿಸುವುದಿಲ್ಲ. ಮನೆಮದ್ದಿನಲ್ಲಿ ಕಳೆದ ಹದಿನೈದು ದಿನಕ್ಕೆ ಕಾಲನ್ನೇ ತೆತ್ತವರನ್ನು ನಾನು ಕಂಡಿದ್ದೇನೆ.

ಸೋದರ ಸೊಸೆಗೆ ಸಿಡ್ನಿಯ ಒಂದು ಅಧ್ಯಯನದ ಕಥೆ ಹೇಳಿದೆ. ಇಲ್ಲಿ ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್‌ಗಳಲ್ಲಿ ಇದೇ ಆಕ್ಸೈಡ್ ಇರುತ್ತದೆ. ಅದು ಚರ್ಮದೊಳಗೆ ಇಳಿಯುತ್ತದೆಯೇ? ಮ್ಯಾಕ್ವಾರಿ ವಿಶ್ವವಿದ್ಯಾಲಯದ ಬ್ರಯಾನ್ ಗಲ್ಸನ್ ಮತ್ತು ಸಂಗಡಿಗರು ಗುರುತು ಹಿಡಿಯಬಲ್ಲ ಸತು-68 ಐಸೊಟೋಪ್ ಬಳಸಿ ಸನ್‌ಸ್ಕ್ರೀನ್ ಮಾಡಿಸಿ, ಕಡಲತೀರದಲ್ಲಿ 20 ಮಂದಿಗೆ 5 ದಿನ ಹಚ್ಚಿ, ರಕ್ತ ಮತ್ತು ಮೂತ್ರ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ: ಒಳಹೊಕ್ಕದ್ದು ಅತ್ಯಲ್ಪ, ರಕ್ತದಲ್ಲಿರುವ ಸತುವಿನ ಸುಮಾರು ಸಾವಿರದಲ್ಲೊಂದು ಪಾಲು. ಅದು ಕಣವಾಗಿ ಹೋಯಿತೋ ಕರಗಿ ಹೋಯಿತೋ ಎಂಬುದನ್ನು ಆ ವಿಧಾನ ಹೇಳಲಾರದೆಂದು ಅವರೇ ಒಪ್ಪಿಕೊಂಡರು. ಆ ಒಪ್ಪಿಗೆ ನನಗೆ ಬಹಳ ಹಿಡಿಸಿತು. ಅದೂ ಗಾಯವಿಲ್ಲದ, ಆರೋಗ್ಯವಂತ ಚರ್ಮದ ಮಾತು.

"ಮತ್ತೊಂದು ಗಿಡ ಹುಡುಕಬೇಡ ಮಗಳೇ, ತುಳಸಿಯಿಲ್ಲದೆಯೂ ಒಮ್ಮೆ ಮಾಡಿ ನೋಡು" ಎಂದೆ. ವ್ಯತ್ಯಾಸವೇ ಕಾಣದಿದ್ದರೆ ತುಳಸಿಯ ಪಾತ್ರವೇನು ಎಂದು ಇಲ್ಲಿನ ಮಾರ್ಗದರ್ಶಕರು ಮೊದಲ ಭೇಟಿಯಲ್ಲೇ ಕೇಳಿಯಾರು.

ಭಾವನವರನ್ನು ಮರುದಿನವೇ ಆಸ್ಪತ್ರೆಗೆ ಕರೆದೊಯ್ದರು. ಹುಣ್ಣು ಇನ್ನೂ ಮೂಳೆ ಮುಟ್ಟಿರಲಿಲ್ಲ. ಹುಡುಗಿ ವಾರದ ಬಳಿಕ ಸಂದೇಶ ಕಳುಹಿಸಿದಳು: "ಮಾವ, ಯೂರಿಯಾ ಹಾಕಿ ಮಾಡಿದೆ. ಅದೂ ಬ್ಯಾಕ್ಟೀರಿಯಾ ಕೊಲ್ಲುತ್ತಿದೆ. ಈಗೇನು ಬರೆಯಲಿ?"