ತಡವಾದುದಕ್ಕೆ ತಕ್ಕ ಕಾರಣ

ನಮ್ಮ ತಂದೆಯವರು ದುಡಿಯುತ್ತಿದ್ದ ಗಿರಣಿ ಮುಚ್ಚಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಪರಿಹಾರದ ಅರ್ಜಿಯನ್ನು ಅವರು ಗಡುವು ಕಳೆದ ಮೇಲೆ ಒಯ್ದರು. “ಏಕೆ ತಡ?” ಎಂದು ಕೇಳಿದ್ದಕ್ಕೆ “ತಿಳಿಯಲಿಲ್ಲ ಸ್ವಾಮಿ” ಎಂದರು. ಅರ್ಜಿ ಹಿಂದಕ್ಕೆ ಬಂದಿತು. ‘ತಿಳಿಯಲಿಲ್ಲ’ ಎಂಬುದು ಒಂದು ಕಾರಣವಲ್ಲವೆ? ಬಹುಕಾಲ ಕಾಡಿದ ಈ ಪ್ರಶ್ನೆಗೆ, ಈ ವರ್ಷ ಬ್ರಿಟನ್ನಿನ ಸಾಮಾಜಿಕ ವಿಮೆಯ ವಿಚಾರ ಓದುವಾಗ ಉತ್ತರ ದೊರೆಯಿತು.

ಬ್ರಿಟನ್ ದೇಶವು 1911ರ ಕಾಯಿದೆಯಿಂದ ಕೆಲವು ಕಸುಬುಗಳಿಗೆ ನಿರುದ್ಯೋಗ ವಿಮೆಯನ್ನು ಆರಂಭಿಸಿತು. 1946ರ ಕಾಯಿದೆಯು ನಿರುದ್ಯೋಗ, ಕಾಯಿಲೆ, ವೃದ್ಧಾಪ್ಯಗಳ ವಿಮೆಯನ್ನು ಒಂದೇ ವ್ಯವಸ್ಥೆಗೆ ತಂದಿತು. ಭತ್ಯ ಬೇಕಾದವನು ಗಡುವಿನೊಳಗೆ ಕೇಳಬೇಕು. ಕಳೆದ ವರ್ಷದ ಒಂದು ವಾರ ಅವನಿಗೆ ನಿಜವಾಗಿ ಕೆಲಸವಿರಲಿಲ್ಲವೆ ಎಂದು ಈಗ ಪರೀಕ್ಷಿಸುವುದು ಕಷ್ಟ. ಆದುದರಿಂದ ಗಡುವು ಅಗತ್ಯವೇ. ಆದರೂ ‘ತಕ್ಕ ಕಾರಣ’ ತೋರಿಸಿದರೆ ತಡವಾದ ಅರ್ಜಿಯನ್ನೂ ಸ್ವೀಕರಿಸುವ ನಿಯಮವಿತ್ತು.

ತಕ್ಕ ಕಾರಣ ಯಾವುದು? 1949ರ ಒಂದು ಮೊಕದ್ದಮೆಯಲ್ಲಿ ವಿಮಾ ಕಮಿಷನರರು ಕೊಟ್ಟ ವಿವರಣೆಯ ಸಾರ ಹೀಗಿದೆ: ಅರ್ಜಿದಾರನ ವಯಸ್ಸು, ಅನುಭವಗಳುಳ್ಳ ವಿವೇಕಿಯೊಬ್ಬನು ಅದೇ ಸ್ಥಿತಿಯಲ್ಲಿ ಹಾಗೆಯೇ ನಡೆದುಕೊಳ್ಳುತ್ತಿದ್ದನೆ? ಅವನ ಆರೋಗ್ಯ, ಅವನಿಗೆ ದೊರೆತ ತಿಳಿವಳಿಕೆ, ಅವನು ಕೇಳಿ ಪಡೆಯಬಹುದಾಗಿದ್ದ ತಿಳಿವಳಿಕೆ ಇವೆಲ್ಲವನ್ನೂ ತೂಗಿ ನೋಡಬೇಕು. ‘ತಿಳಿಯದು’ ಎಂದರಷ್ಟೇ ಸಾಲದು, ವಿಚಾರಿಸಿರಬೇಕು. ಆದರೆ ವಿಚಾರಿಸಿದಾಗ ಕಚೇರಿಯವರೇ ದಾರಿ ತಪ್ಪಿಸಿದ್ದರೆ ಅದು ತಕ್ಕ ಕಾರಣವಾಗಬಹುದು. ಕಾರಣವು ಅರ್ಜಿ ಕೊಡುವ ದಿನದವರೆಗೂ ಮುಂದುವರಿದಿರಬೇಕು. ಒಂದು ತಿಂಗಳು ಜ್ವರವಿದ್ದು, ಗುಣವಾದ ಮೇಲೆ ಎರಡು ತಿಂಗಳು ಸುಮ್ಮನಿದ್ದರೆ ನಡೆಯದು. 1997ರಲ್ಲಿ ಬ್ರಿಟನ್ ಈ ವಿಶಾಲ ನಿಯಮವನ್ನು ಬಿಟ್ಟು, ಇಂಥಿಂಥ ಕಾರಣಗಳೆಂದು ಪಟ್ಟಿ ಮಾಡಿತು. ನಮ್ಮ ದೇಶದ 1963ರ ಕಾಲಮಿತಿ ಕಾಯಿದೆಯ 5ನೆಯ ಕಲಮಾದರೂ, ತಡವಾದ ಅಪೀಲಿಗೆ ‘ಸಾಕಷ್ಟು ಕಾರಣ’ ತೋರಿಸಲು ಅವಕಾಶವಿತ್ತಿದೆ.

ಇದನ್ನು ಓದಿದ ಮೇಲೆ ತಂದೆಯವರನ್ನು ಮತ್ತೆ ಕೇಳಿದೆ. ಅವರು ಗಡುವಿಗೆ ಮೊದಲೇ ಎರಡು ಸಲ ಕಚೇರಿಗೆ ಹೋಗಿದ್ದರಂತೆ. “ಕಾಗದ ಬರುತ್ತದೆ, ಹೋಗಿ” ಎಂದರಂತೆ. ಕಾಗದಕ್ಕಾಗಿ ಕಾದರು.

“ಅದನ್ನೇಕೆ ಹೇಳಲಿಲ್ಲ, ಅಪ್ಪ?”

“ಅವರ ತಪ್ಪನ್ನು ಅವರ ಮುಂದೆಯೇ ಹೇಗೆ ಹೇಳುವುದು, ಮಗ?”

ಅವರಲ್ಲಿ ಕಾರಣವಿತ್ತು, ಅದನ್ನು ಕಾರಣವೆಂದು ಮಂಡಿಸುವ ಧೈರ್ಯವಿರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನಂಥವರು ಈ ಕಾಲೇಜಿನಲ್ಲಿ ಇನ್ನೂ ಅನೇಕರಿದ್ದಾರೆ. ಮಿತ್ರರೆ, ಊರಿನಲ್ಲಿ ಯಾರಾದರೂ ತಡವಾದ ಅರ್ಜಿ ಹಿಡಿದು ಬಂದರೆ, ಎಂದು ಹೋದರು, ಯಾರು ಏನೆಂದರು, ಏಕೆ ಕಾದರು ಎಂದು ಕೇಳಿ, ತಾರೀಖು ಸಹಿತ ಬರೆದುಕೊಡೋಣ. ನಮ್ಮ ಓದಿಗೆ ಅಷ್ಟಾದರೂ ಪ್ರಯೋಜನವಿರಲಿ.